ಒಕ್ಕಲುತನದ ಕಟ್ಟಡಗಳು: ಮರದ ಬೆಲೆಯೋ, ಮನೆಯ ಬೆಲೆಯೋ?

ಕರ್ನಾಟಕವನ್ನು ಕೃಷಿ ಹವಾಮಾನದ ದೃಷ್ಟಿಯಿಂದ 10 ವಲಯಗಳಾಗಿ ವಿಂಗಡಿಸಲಾಗಿದೆ. ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ಇವುಗಳ ಪೈಕಿ ಮೂರು ವಲಯಗಳಿವೆ. ಖಾನಾಪುರವು ಗುಡ್ಡಗಾಡು ವಲಯಕ್ಕೂ, ಹುಕ್ಕೇರಿಯು ಉತ್ತರ ಪರಿವರ್ತನಾ ವಲಯಕ್ಕೂ, ಗೋಕಾಕವು ಉತ್ತರ ಒಣ ವಲಯಕ್ಕೂ ಸೇರಿವೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಯಮಕನಮರಡಿಯು ಈ ಪರಿವರ್ತನೆಯ ಪಟ್ಟಿಯಲ್ಲಿಯೇ ಇದೆ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಹಂಚಿನ ಇಳಿಜಾರು ಮಾಡು. ಪೂರ್ವಕ್ಕೆ ಗೋಕಾಕ, ಮೂಡಲಗಿಗಳ ಕಡೆಗೆ ಇಳಿದಂತೆ ಮಳೆ ಕಡಿಮೆ, ಮಣ್ಣು ಹಾಸಿದ ಸಮತಟ್ಟಾದ ಮಾಳಿಗೆ. ಈ ಸುತ್ತಿನ ಹಳೆಯ ಒಕ್ಕಲುಮನೆ, ದನದ ಕೊಟ್ಟಿಗೆ, ಹಗೇವು, ಗಾಣದ ಮನೆಗಳು ಯಾವ ವಾಸ್ತುಶಿಲ್ಪಿಯ ನಕ್ಷೆಯನ್ನೂ ಕಂಡವಲ್ಲ. ಮಳೆ, ಮಣ್ಣು, ಬೆಳೆ ಮತ್ತು ದನಗಳ ಲೆಕ್ಕದಿಂದ ಅವು ರೂಪುಗೊಂಡವು.

ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಸ್ಮಾರಕಗಳೆಂದು ಎಲ್ಲರೂ ಒಪ್ಪುತ್ತಾರೆ. ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೂರು ವರ್ಷ ಕಂಡ ದನದ ಪಡಸಾಲೆಯನ್ನು ಪರಂಪರೆಯೆಂದು ಕರೆದರೆ ಕೇಳಿದವರು ನಕ್ಕಾರು. ಆದರೆ ಅದಕ್ಕೊಂದು ಬೆಲೆ ಇದ್ದೇ ಇದೆ ಎಂಬುದನ್ನು ಹಳೆಯ ಮರದ ವ್ಯಾಪಾರಿಗಳು ಎಂದೋ ಅರಿತುಕೊಂಡಿದ್ದಾರೆ. ಸಾಗವಾನಿಯ ಕಂಬ, ಕೆತ್ತನೆಯ ಬೋದಿಗೆ, ಹಿತ್ತಾಳೆಯ ಗುಬ್ಬಿಗಳಿರುವ ತಲಬಾಗಿಲು, ಅಖಂಡ ತೊಲೆ ಇವುಗಳಿಗೆ ನಗರಗಳ ಹೋಟೆಲು ಮತ್ತು ರೆಸಾರ್ಟುಗಳಲ್ಲಿ ಬೇಡಿಕೆಯಿದೆ. ಉಳಿದದ್ದು ಮಣ್ಣು. ಅದು ಹಾಳುಮಣ್ಣೆಂದು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ಹೀಗೆ ಇಡೀ ಕಟ್ಟಡದ ಬೆಲೆಯೆಂದರೆ ಅದರೊಳಗಿನ ಮರದ ಬೆಲೆ ಎಂಬ ಲೆಕ್ಕ ರೂಢಿಯಾಗಿದೆ. ಈ ಲೆಕ್ಕ ಪೂರ್ತಿ ಸರಿಯೇ ಎಂಬುದನ್ನು ವ್ಯಾಪಾರಸ್ಥರೇ ಪರಿಶೀಲಿಸಬೇಕಾಗಿದೆ.

ಕಟ್ಟಡದ ಒಳಗುಟ್ಟು

ಮಾಳಿಗೆಮನೆಯನ್ನು ಅಳೆಯುವುದು ಅಂಕಣದಿಂದ. ನಾಲ್ಕು ಕಂಬಗಳ ನಡುವಿನ ಜಾಗವೇ ಒಂದು ಅಂಕಣ. ಎಷ್ಟು ಅಂಕಣದ ಮನೆ ಎಂದರೆ ಒಕ್ಕಲಿನ ಅಂತಸ್ತು ತಿಳಿಯುತ್ತಿತ್ತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಕೂರುತ್ತವೆ. ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಗೆದ್ದಲು ತಡೆಯಲು ಬೇವಿನ ಸೊಪ್ಪು ಹರಡಿ, ಅದರ ಮೇಲೆ ಮಣ್ಣನ್ನು ಬಡಿದು ಕೂರಿಸುತ್ತಾರೆ. ಇಲ್ಲಿ ಭಾರ ಹೊರುವುದು ಬಹುಮಟ್ಟಿಗೆ ಮರದ ಚೌಕಟ್ಟು. ದಪ್ಪನೆಯ ಮಣ್ಣಿನ ಗೋಡೆ ಬಿಸಿಲನ್ನು ತಡೆಯುತ್ತದೆ. ಗೋಡೆಯ ಒಂದು ಪಾಲು ಕುಸಿದರೂ ಮಾಳಿಗೆ ನಿಂತಿರುವ ಮನೆಗಳು ಕಾಣಸಿಗುವುದು ಇದೇ ಕಾರಣಕ್ಕೆ.

ಮಾಳಿಗೆಯ ಮೇಲ್ಪದರಕ್ಕೆ ಬಳಸುವ ಸವಳುಮಣ್ಣಿನ ಗುಣ ವಿಶೇಷವಾದುದು. ಬೆಳೆಗೆ ಬೇಡವಾದ ಈ ಕ್ಷಾರಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಗುಲಿದೊಡನೆ ಇದರ ಜೇಡಿಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನು ಮುಚ್ಚುತ್ತವೆ; ಕೆಳಗೆ ನೀರಿಳಿಯದು. ಹೊಲಕ್ಕೆ ಶಾಪವಾದ ಮಣ್ಣು ಮನೆಗೆ ಕೊಡೆಯಾಯಿತು. ಆದರೆ ಈ ಕೊಡೆಗೆ ವರ್ಷವರ್ಷವೂ ಕೈಗೆಲಸ ಬೇಕು. ಮುಂಗಾರಿಗೆ ಮೊದಲು ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ, ನೀರು ಹೋಗುವ ದೋಣಿಯನ್ನು ಸರಿಪಡಿಸಬೇಕು. ಎರಡು ಮೂರು ವರ್ಷ ಈ ಕೆಲಸ ತಪ್ಪಿದರೆ ಜಂತಿಯ ತುದಿ ಗೋಡೆಯೊಳಗೇ ಕೊಳೆಯತೊಡಗುತ್ತದೆ. ಹಳೆಯ ಮನೆಗಳು ಮುಪ್ಪಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಈ ಅಲಕ್ಷ್ಯದಿಂದ ಬೀಳುತ್ತವೆ.

ತಲಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಗೋಡೆಗೆ ಸಾಲಾಗಿ ಗೋದಲಿ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ನಡುಮನೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬೆಳಕೇ ಒಳಮನೆಗೆ ದೀಪ. ದನ ಮತ್ತು ಜನ ಒಂದೇ ಸೂರಿನಡಿ ಇರುವುದು ಇಂದಿನ ಆರೋಗ್ಯದೃಷ್ಟಿಗೆ ಒಪ್ಪದಿರಬಹುದು. ಆದರೆ ಎತ್ತೇ ಬಂಡವಾಳವಾಗಿದ್ದ ಕಾಲದಲ್ಲಿ ಬಂಡವಾಳವನ್ನು ಕಣ್ಣಳತೆಯಲ್ಲಿಟ್ಟುಕೊಳ್ಳುವ ಏರ್ಪಾಡು ಅದಾಗಿತ್ತು.

ಇನ್ನು ಹಗೇವು. ಜೋಳದ ಸಂಗ್ರಹಕ್ಕೆಂದು ಗಟ್ಟಿ ಗರಸಿನ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವ ನೆಲಮಾಳಿಗೆ ಇದು. ಒಳಗೆ ಹೊಟ್ಟು, ಹುಲ್ಲುಗಳ ಪದರ ಕೊಟ್ಟು, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಕಾಳಿನ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನುಸಿ, ಹುಳು ಬದುಕಲಾರವು. ಗಾಳಿಯಾಡದ ಚೀಲಗಳಲ್ಲಿ ಧಾನ್ಯ ಕಾಪಾಡುವ ಇಂದಿನ ತಂತ್ರವೂ ಇದೇ ತತ್ವದ ಮೇಲೆ ನಿಂತಿದೆ. ಅದೇ ಗಾಳಿ ಮನುಷ್ಯನಿಗೂ ಮಾರಕ. ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಡದೆ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಈಗ ಹಳೆಯ ಹಗೇವನ್ನು ತೆರೆಯುವವರೂ ಈ ಎಚ್ಚರಿಕೆಯನ್ನು ಮರೆಯಬಾರದು.

ಗಾಣದ ಮನೆಯ ಮಾತು ಬೇರೆ. ಎತ್ತರದ ಮಾಡು, ತೆರೆದ ಬದಿಗಳು, ಅರೆಪಾಲು ನೆಲದೊಳಗಿರುವ ಒಲೆ, ರವದಿಯನ್ನೇ ಉರುವಲಾಗಿ ನುಂಗುವ ಅದರ ಬಾಯಿ ಇವೆಲ್ಲ ಬೆಲ್ಲದ ಪಾಕದ ಹಬೆ ಹೊರಹೋಗಲೆಂದೇ ಆದವು. ಮೂಡಲಗಿ, ಗೋಕಾಕ ಭಾಗದ ಬೆಲ್ಲಕ್ಕೆ ಮಹಾಲಿಂಗಪುರದಂತಹ ಪೇಟೆ ಹತ್ತಿರದಲ್ಲಿದ್ದುದರಿಂದ ಇಂತಹ ಗಾಣದ ಮನೆಗಳು ಇನ್ನೂ ಅಲ್ಲಲ್ಲಿ ಕೆಲಸ ಮಾಡುತ್ತಿವೆ. ಒಕ್ಕಲುತನದ ಕಟ್ಟಡಗಳಲ್ಲಿ ಬಳಕೆಯಿಂದಲೇ ಉಳಿದುಕೊಂಡಿರುವ ವರ್ಗವೆಂದರೆ ಬಹುಶಃ ಇದೊಂದೇ.

ಏಕೆ ಬರಿದಾದವು?

ಧೂಪದಾಳದ ಅಣೆಕಟ್ಟು, ಆಮೇಲೆ 1977ರಲ್ಲಿ ಪೂರ್ಣಗೊಂಡ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ ಘಟಪ್ರಭೆಯ ನೀರನ್ನು ಹೊಲಗಳಿಗೆ ಹರಿಸಿದವು. ಜೋಳದ ಜಾಗಕ್ಕೆ ಕಬ್ಬು ಬಂತು. ಕಬ್ಬನ್ನು ಹಗೇವಿನಲ್ಲಿ ಇಡುವಂತಿಲ್ಲ. ಕಡಿದ ದಿನವೇ ಕಾರ್ಖಾನೆಗೆ ಸಾಗಬೇಕು. ಜೊತೆಗೆ ನೀರಾವರಿ ಪ್ರದೇಶದಲ್ಲಿ ಅಂತರ್ಜಲ ಮೇಲೇರಿದಲ್ಲೆಲ್ಲ ಹಗೇವಿಗೆ ತೇವ ಹತ್ತಿತು. ಎತ್ತಿನ ಬದಲು ಟ್ರ್ಯಾಕ್ಟರ್ ಬಂದಾಗ ಗೋದಲಿ ಬರಿದಾಯಿತು. ಅಣ್ಣತಮ್ಮಂದಿರ ವಾಟ್ನಿಯಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು. ಒಂದು ಸೂರಿಗೆ ಐದಾರು ವಾರಸುದಾರರಿದ್ದರೆ ಮಾಳಿಗೆಗೆ ಮಣ್ಣು ಹಾಕಿಸುವವರು ಯಾರು ಎಂಬ ಪ್ರಶ್ನೆಯಲ್ಲಿಯೇ ಮುಂಗಾರು ಬಂದುಬಿಡುತ್ತದೆ. ಕಾನೂನಿನ ತೊಡಕಿಗಿಂತ ಈ ಮನೆಯೊಳಗಿನ ತೊಡಕು ದೊಡ್ಡದು.

2019ರ ಆಗಸ್ಟ್ ತಿಂಗಳ ನೆರೆಯು ಉಳಿದ ಕೆಲಸವನ್ನು ಮಾಡಿತು. ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿ ಹರಿದು ಗೋಕಾಕ, ಹುಕ್ಕೇರಿ, ಮೂಡಲಗಿ ತಾಲ್ಲೂಕುಗಳಲ್ಲಿ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದವು. ರಾಜ್ಯ ಸರ್ಕಾರವು ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ಪರಿಹಾರ ಪ್ರಕಟಿಸಿತು. ನಿರಾಶ್ರಿತರ ಪಾಲಿಗೆ ಅದು ನ್ಯಾಯವಾದ ನೆರವೇ. ಆದರೆ ಅಂದು ಜಾರಿಯಲ್ಲಿದ್ದ ಕೇಂದ್ರದ ವಿಪತ್ತು ಪರಿಹಾರ ಮಾನದಂಡದಲ್ಲಿ ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ ನಿಗದಿಯಾಗಿದ್ದ ಮೊತ್ತ 2,100 ರೂಪಾಯಿ. 2022ರ ಪರಿಷ್ಕರಣೆಯಲ್ಲಿ ಅದು 3,000 ರೂಪಾಯಿಗೆ ಏರಿತು. ಇಷ್ಟು ಹಣದಲ್ಲಿ ಕೊಟ್ಟಿಗೆಯ ಮಾಡಿಗೆ ತಗಡು ಹೊದಿಸುವುದೂ ಆಗದು, ಜಂತಿ ಬದಲಿಸುವ ಮಾತು ದೂರವೇ ಉಳಿಯಿತು. ಸರ್ಕಾರದ ಕಡತದಲ್ಲಿ ಕೊಟ್ಟಿಗೆಯ ಬೆಲೆ ಎಷ್ಟೆಂದು ಕಂಡ ಮೇಲೆ ರೈತನು ಅದರ ಮರವನ್ನು ಮಾರಿಕೊಂಡರೆ ತಪ್ಪು ಹುಡುಕಲಾಗದು.

ಹಳೆಯದೆಲ್ಲವನ್ನೂ ಉಳಿಸಬೇಕೆಂಬ ಹಟವೂ ಅಪಾಯಕಾರಿ. 2021ರ ಅಕ್ಟೋಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆಯ ಗೋಡೆ ಕುಸಿದು 7 ಮಂದಿ ಸತ್ತರು. ಮಾಡು ಕಳೆದುಕೊಂಡು ನೀರು ಕುಡಿದ ಮಣ್ಣಿನ ಗೋಡೆಗೆ ಬಲವಿರುವುದಿಲ್ಲ. ಜನರು ವಾಸಿಸುವ ಕಟ್ಟಡವಾದರೆ ಮೊದಲು ನೋಡಬೇಕಾದದ್ದು ಜೀವಸುರಕ್ಷತೆ, ಅನಂತರ ಪರಂಪರೆ.

ದುರಸ್ತಿಯ ಹೆಸರಿನಲ್ಲಿ

ಹಳೆಯ ಮನೆಯನ್ನು ಉಳಿಸಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಸಿಮೆಂಟ್ ಗಿಲಾವು. ಗೋಡೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಆಗುವುದು ತಿರುಗಾಮುರುಗ. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ ಮೇಲ್ಮೈಯಿಂದ ಗಾಳಿಗೆ ಬಿಡುತ್ತದೆ. ಸಿಮೆಂಟಿನ ಬಿಗಿ ಪದರವು ಈ ಹಾದಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು ಗೋಡೆಯ ಬುಡ ಮೆದುವಾಗುತ್ತದೆ. ಹೊರಗೆ ನುಣುಪಾಗಿ ಕಾಣುವ ಗಿಲಾವು ಕೆಲವು ಮಳೆಗಾಲಗಳ ನಂತರ ಹಾಳೆಹಾಳೆಯಾಗಿ ಕಳಚುವಾಗ ಒಳಗಿನ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಮಾಳಿಗೆಯ ಮೇಲೆ ಕಾಂಕ್ರೀಟು ಸುರಿಯುವುದೂ ಇಂತಹದೇ ಕೆಲಸ. ಜಂತಿಗಳು ಹೊರುವಂತೆ ಲೆಕ್ಕಹಾಕಿದ ಭಾರ ಅದಲ್ಲ.

ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ, ಗೋಡೆಯ ಸಣ್ಣ ಅಲುಗಾಟಕ್ಕೂ ಹೊಂದಿಕೊಳ್ಳುತ್ತದೆ. ಸುಣ್ಣದ ಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಬೇಕು. ಗಾರೆ ಒಣಗಿ ಗಟ್ಟಿಯಾಗುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿ ಕಲ್ಲಾಗುತ್ತದೆ. ದಕ್ಷಿಣ ಭಾರತದ ಹಳೆಯ ಗಾರೆಕೆಲಸದಲ್ಲಿ ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸವನ್ನು ಕೊಳೆಹಾಕಿ ಸುಣ್ಣಕ್ಕೆ ಬೆರೆಸುವ ಪದ್ಧತಿಯಿತ್ತು. ಬೆಲ್ಲಕ್ಕೆ ಹೆಸರಾದ ಸೀಮೆಗೆ ಇದೊಂದು ಹೊಸ ಗಿರಾಕಿ ಎಂದರೆ ಅತಿಶಯವಾದೀತು. ಆದರೂ ಸಾಮಗ್ರಿ ಕೈಗೆಟುಕುವಲ್ಲಿದೆ ಎಂಬುದಂತೂ ನಿಜ.

ಬೇರೆಡೆಯ ಅನುಭವ

ಕಟ್ಟಡ ಉಳಿಸಲು ಎರಡು ದಾರಿಗಳುಂಟು. ಒಂದು, ಬಿಚ್ಚಿ ಬೇರೆಡೆಗೆ ಒಯ್ದು ಮತ್ತೆ ನಿಲ್ಲಿಸುವುದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವು ಇದರ ದೊಡ್ಡ ಉದಾಹರಣೆ. ಬ್ಯಾಂಕ್ ಉದ್ಯೋಗಿಯಾಗಿದ್ದ ಶೆಣೈಯವರು (ನಿಧನ 2017) ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಕೊಂಡು, ಒಂದೊಂದು ತುಂಡಿಗೂ ಗುರುತು ಹಾಕಿಸಿ, ಅಲ್ಲಿ ಪುನಃ ಜೋಡಿಸಿದರು. ಗೋಕಾಕದಿಂದ ದೂರವಲ್ಲದ ಮುಧೋಳದ ಅರಮನೆಯ ದರ್ಬಾರು ಇಂದು ನೋಡಸಿಗುವುದು ಕರಾವಳಿಯ ಆ ಊರಿನಲ್ಲಿ. ಶೆಣೈಯವರು ಕೈಹಾಕದಿದ್ದರೆ ಆ ಮರ ಯಾವ ಯಾವ ಬಂಗಲೆಗಳಿಗೆ ಹಂಚಿಹೋಗುತ್ತಿತ್ತೋ ಹೇಳಲಾಗದು. ಅವರ ಕಾರ್ಯ ಸ್ಮರಣೀಯ. ಆದರೆ ಈ ವಿಧಾನದಿಂದ ಉಳಿಯುವುದು ಮರಗೆಲಸ. ಮಣ್ಣಿನ ಗೋಡೆಯನ್ನಾಗಲಿ ಹಗೇವನ್ನಾಗಲಿ ಲಾರಿಗೆ ಏರಿಸಲಾಗದು.

ಎರಡನೆಯದು, ಇದ್ದಲ್ಲಿಯೇ ದುರಸ್ತಿ ಮಾಡಿ ಬಳಕೆಗೆ ತರುವುದು. ಹಂಪಿಯ ಎದುರು ದಂಡೆಯ ಆನೆಗುಂದಿಯಲ್ಲಿ ಶಮಾ ಪವಾರ್ ಅವರು 1997ರಲ್ಲಿ ಆರಂಭಿಸಿದ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ಸ್ಥಳೀಯ ಕೈಗಳಿಂದಲೇ ಸರಿಪಡಿಸಿ ಅತಿಥಿಗೃಹ, ಬಾಳೆನಾರಿನ ಕರಕುಶಲ ಕೇಂದ್ರ ಮುಂತಾದ ಕೆಲಸಗಳಿಗೆ ಒಗ್ಗಿಸಿತು. ಅಲ್ಲಿ ಹಂಪಿಯ ಪ್ರವಾಸಿಗರ ಬಲವಿದೆ. ಯಮಕನಮರಡಿಯ ಸುತ್ತ ವಲ್ಲಭಗಡ, ಹಿಡಕಲ್ ಜಲಾಶಯ, ಗೋಕಾಕ ಜಲಪಾತ, ಗೊಡಚಿನಮಲ್ಕಿಗಳಿದ್ದರೂ ಹೋಮ್‌ಸ್ಟೇ ಎಂಬ ಒಂದೇ ಮಂತ್ರದಿಂದ ಹಳ್ಳಿಹಳ್ಳಿಯ ಕೊಟ್ಟಿಗೆ ಉಳಿಯುವುದೆಂದು ನಂಬುವುದು ಜಾಣತನವಲ್ಲ.

ಐರ್ಲೆಂಡಿನ ಅನುಭವ ಈ ಸೀಮೆಗೆ ಹೆಚ್ಚು ಹತ್ತಿರವಾಗಿದೆ. ಅಲ್ಲಿ ಕೃಷಿ ಇಲಾಖೆ ಮತ್ತು ಪರಂಪರೆ ಮಂಡಳಿ ಕೂಡಿ ನಡೆಸುವ ಸಾಂಪ್ರದಾಯಿಕ ಕೃಷಿ ಕಟ್ಟಡಗಳ ಯೋಜನೆಯಡಿ ದುರಸ್ತಿಯ ವೆಚ್ಚದಲ್ಲಿ ಶೇಕಡಾ 75ರವರೆಗೆ ಸಹಾಯಧನ ದೊರೆಯುತ್ತದೆ. ಕಟ್ಟಡವು ಕೃಷಿಯ ಬಳಕೆಯಲ್ಲಿಯೇ ಉಳಿಯಬೇಕು, ಅಗತ್ಯವಿರುವಷ್ಟನ್ನು ಮಾತ್ರ ಸರಿಪಡಿಸಬೇಕು, ಹೊಸದರಂತೆ ಮಾಡಬಾರದು ಎಂಬುವು ಷರತ್ತುಗಳು. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ‘ಬಾರ್ನ್ ಅಗೇನ್’ ಕಾರ್ಯಕ್ರಮದ ಹಿಂದೆ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟಿನೊಡನೆ ಇದ್ದದ್ದು ‘ಸಕ್ಸೆಸ್‌ಫುಲ್ ಫಾರ್ಮಿಂಗ್’ ಎಂಬ ರೈತರ ಪತ್ರಿಕೆ. ಹಳೆಯ ಕಣಜವನ್ನು ಇಂದಿನ ಕೃಷಿಗೆ ಹೊಂದಿಸಬಹುದು ಎಂಬುದೇ ಅದರ ವಾದವಾಗಿತ್ತು. ವೃತ್ತಿಪತ್ರಿಕೆಯೊಂದು ಇಂತಹ ಕೆಲಸಕ್ಕೆ ಕೈಹಾಕಿದ್ದನ್ನು ವಾಣಿಜ್ಯ ಸಂಘಗಳು ಗಮನಿಸಬಹುದು.

ಉದ್ಯಮಿಗಳ ಪಾಲು

ಕಟ್ಟಡಕ್ಕೆ ಕೆಲಸ ಸಿಗದೆ ಅದು ಉಳಿಯದು. ಯಾವ ಕೆಲಸ ಎಂಬಲ್ಲಿ ಎಚ್ಚರ ಬೇಕು. ದಪ್ಪ ಗೋಡೆಯ ತಂಪು ಕೋಣೆಗಳು ಬಿತ್ತನೆ ಬೀಜ, ಚೀಲದಲ್ಲಿ ತುಂಬಿದ ಸಂಕೇಶ್ವರದ ಮೆಣಸಿನಕಾಯಿ, ಹನಿ ನೀರಾವರಿಯ ಸಾಮಾನು, ಕೃಷಿ ಉಪಕರಣಗಳಿಗೆ ಒಗ್ಗುತ್ತವೆ. ಮಗ್ಗ ಹಾಕಲೂ ಬಡಿಗತನಕ್ಕೂ ಬರುತ್ತವೆ. ರೊಟ್ಟಿ, ಚಟ್ನಿ, ಖಾರದಪುಡಿಗಳ ತಯಾರಿಕೆಗಾದರೆ 2011ರ ಆಹಾರ ಸುರಕ್ಷತಾ ನಿಯಮಾವಳಿಯು ನುಣುಪಾದ, ಸುಲಭವಾಗಿ ಶುಚಿಗೊಳಿಸಬಹುದಾದ ನೆಲಗೋಡೆಗಳನ್ನು ಬಯಸುತ್ತದೆ. ಬರಿಯ ಮಣ್ಣಿನ ಗೋಡೆ ಅದಕ್ಕೆ ಹೊಂದದು. ಅಂತಹ ಘಟಕವನ್ನು ಹಿತ್ತಲಿನಲ್ಲಿ ಹೊಸದಾಗಿ ಕಟ್ಟಿ, ಹಳೆಯ ಪಡಸಾಲೆಯನ್ನು ಮಾರಾಟಕ್ಕೂ ಕಚೇರಿಗೂ ಇಟ್ಟುಕೊಳ್ಳುವುದು ಲೇಸು.

ಸಾಮಗ್ರಿಯ ಪೂರೈಕೆಯೂ ಒಂದು ಉದ್ಯಮವೇ. ಖಾನಾಪುರವು ಕೆಂಪು ಜೇಡಿಮಣ್ಣಿನ ಹಂಚು, ಮಡಕೆಗಳಿಗೆ ಹೆಸರಾಗಿದ್ದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಒಡೆದ ಹಂಚಿಗೆ ಅದೇ ಅಳತೆಯ ಹಂಚು ಸಿಗದೆ ಇಡೀ ಮಾಡನ್ನೇ ಇಳಿಸಿ ತಗಡು ಹಾಕುವವರಿದ್ದಾರೆ. ಹಳೆಯ ಅಚ್ಚಿನ ಹಂಚನ್ನು ಸಣ್ಣ ಪ್ರಮಾಣದಲ್ಲಿ ಒದಗಿಸುವವರಿದ್ದರೆ ಆ ಮಾಡು ಉಳಿಯುತ್ತದೆ. ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವಾದ ಬಾಗಲಕೋಟೆ–ಲೋಕಾಪುರದ ಸುಣ್ಣದ ಕಲ್ಲು ಗಾರೆಯ ಸುಣ್ಣಕ್ಕೂ ಆಧಾರವಾಗಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ ಒತ್ತಿದ ಮಣ್ಣಿನ ಇಟ್ಟಿಗೆಯ ತಂತ್ರ ಪೂರ್ತಿ ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಲು ಸಹಾಯಕ. ಇವೆಲ್ಲಕ್ಕಿಂತ ದುರ್ಲಭವಾದವರು ಕೆಲಸಗಾರರು. ಕೊಳೆತ ಜಂತಿಯ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರವನ್ನು ಬೆಸೆಯಬಲ್ಲ ಬಡಿಗ, ಸುಣ್ಣದ ಹದ ಬಲ್ಲ ಗೌಂಡಿ ಹಳ್ಳಿಗಳಲ್ಲಿ ಇನ್ನೂ ಇದ್ದರೂ ಅವರಲ್ಲಿ ಹಲವರು ವಯಸ್ಸಾದವರು. ಅವರ ಕೈಕೆಳಗೆ ಎರಡು ಬೇಸಿಗೆ ದುಡಿಯುವ ಹುಡುಗರಿಗೆ ಕೂಲಿ ಕೊಡುವುದು ಯಾವ ವಾಣಿಜ್ಯ ಸಂಘಕ್ಕೂ ಹೊರೆಯಾಗದು.

ಹಣದ ಮೂಲಗಳಲ್ಲಿ ಒಂದನ್ನು ಹೆಸರಿಸಬಹುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಿತಿ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಐತಿಹಾಸಿಕ ಮಹತ್ವದ ಕಟ್ಟಡ ಮತ್ತು ತಾಣಗಳ ಪುನರುದ್ಧಾರವು ಕಾಯ್ದೆಯ 7ನೇ ಅನುಸೂಚಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಸಣ್ಣ ಉದ್ಯಮಿಗೆ ಈ ಹೊಣೆ ಇಲ್ಲ. ಆದರೆ ದೊಡ್ಡ ಕಂಪನಿಯ ಮುಂದೆ ಇಡಲು ಒಂದು ಪಟ್ಟಿಯಾದರೂ ಬೇಕು. ಯಮಕನಮರಡಿ, ಹತ್ತರಗಿ, ಪಾಶ್ಚಾಪುರ, ದಡ್ಡಿಗಳ ಸುತ್ತ ಎಷ್ಟು ಅಂಕಣದ ಎಷ್ಟು ಮನೆಗಳು ನಿಂತಿವೆ, ಯಾವುದರ ಮಾಳಿಗೆ ಈ ಮಳೆಗೆ ಸೋರಿತು, ಯಾರ ಹಿತ್ತಲಿನಲ್ಲಿ ಹಗೇವಿದೆ ಎಂಬ ಅಳತೆ, ಛಾಯಾಚಿತ್ರಗಳ ಸಹಿತ ಪಟ್ಟಿಯನ್ನು ತಾಲ್ಲೂಕಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ನೆರವಿನಿಂದ ಒಂದು ಹಂಗಾಮಿನಲ್ಲಿ ಸಿದ್ಧಪಡಿಸಬಹುದು. ಹಳೆಯ ಮರದ ವ್ಯಾಪಾರಿಗಳ ಬಳಿ ಇಂತಹ ಪಟ್ಟಿ ಬಾಯಿಪಾಠವಾಗಿಯೇ ಇದೆ.

ಮಣ್ಣು, ಸುಣ್ಣದ ಕೆಲಸಕ್ಕೆ ಸುಗ್ಗಿ ಮುಗಿದ ಮೇಲಿನ ಮೂರು ನಾಲ್ಕು ತಿಂಗಳುಗಳೇ ತಕ್ಕ ಕಾಲ. ರೋಹಿಣಿ ಮಳೆಗೆ ಮುಂಚೆ ಮಾಳಿಗೆ ಮುಚ್ಚಿರಬೇಕು. ಸುಟ್ಟ ಸುಣ್ಣ ನೀರಿನಲ್ಲಿ ನೆನೆದು ಹದವಾಗಲು ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ. ಬರುವ ಬೇಸಿಗೆಯಲ್ಲಿ ಕೆಲಸ ಹಿಡಿಯುವ ಮನಸ್ಸುಳ್ಳವರು ದೀಪಾವಳಿಯ ಹೊತ್ತಿಗೆ ಸುಣ್ಣದ ಹೊಂಡ ತುಂಬಿಸಿರಬೇಕು.